ಕುವೈತ್ ಯುದ್ಧ, ಅಡಕ್ಕೆ ಹೋದ ಚಿನ್ನ: ಕೋಲಾರದಿಂದ ನೋಡಿದ 1990-91ರ ಪ್ರಕರಣ

ಕೋಲಾರ, ಬಂಗಾರಪೇಟೆ, ಕೆಜಿಎಫ್ ಕಡೆ ವಯಸ್ಸಾದವರನ್ನ 1991ರಲ್ಲಿ ಏನಾಯ್ತು ಅಂತ ಕೇಳಿ ನೋಡಿ. ರಾಜೀವ್ ಗಾಂಧಿ ಹತ್ಯೆ ಹೇಳ್ತಾರೆ, ಡಿಸೆಂಬರ್‌ನ ಕಾವೇರಿ ಗಲಾಟೆ ಹೇಳ್ತಾರೆ, ಆಮೇಲೆ ದೇಶದ ಚಿನ್ನ ಅಡ ಇಟ್ರಲ್ಲ ಅದನ್ನ ಹೇಳ್ತಾರೆ, ಅದನ್ನ ಹೇಳುವಾಗ ಚಿನ್ನ ತೆಗೆದ ಊರಿನವರಿಗೆ ಇರೋ ಒಂದು ಸಂಕಟ ದನಿಯಲ್ಲೇ ಗೊತ್ತಾಗತ್ತೆ. ಯಾಕೆ ಅಡ ಇಟ್ರು ಅಂದ್ರೆ ಒಬ್ಬರು ಚಂದ್ರಶೇಖರ್ ಸರ್ಕಾರ ಅಂತಾರೆ, ಇನ್ನೊಬ್ಬರು ಪೆಟ್ರೋಲ್ ರೇಟು ಅಂತಾರೆ, ಮತ್ತೊಬ್ಬರು ಆಗಿನ ಇರಾಕ್ ಅಧ್ಯಕ್ಷ ಸದ್ದಾಂ ಹುಸೇನ್ ಅಂತಾರೆ. ಮೂರೂ ಸುಳ್ಳಲ್ಲ, ಆದ್ರೆ ಈ ಮೂರನ್ನೂ ಸೇರಿಸೋ ದಾರ ಒಂದಿದೆ, ಅದು ಸಾಲ. ನಾನು ಪಿಯು ಮಕ್ಕಳಿಗೆ ಹಿಸ್ಟರಿ ಪಾಠ ಮಾಡೋನು. ಗಲ್ಫ್ ಯುದ್ಧಕ್ಕೆ ಕಾರಣ ಏನು ಅಂದ್ರೆ ಮಕ್ಕಳು "ಸದ್ದಾಂ ಹುಸೇನನ ಸಾಮ್ರಾಜ್ಯ ದಾಹ" ಅಂತ ಒಂದೇ ಸಾಲು ಬರೆದು ಮುಂದಿನ ಪ್ರಶ್ನೆಗೆ ಹೋಗ್ತಾರೆ, ಮಾರ್ಕ್ಸೂ ಸಿಗತ್ತೆ. ಆ ಒಂದು ಸಾಲಲ್ಲಿ ಏನೇನು ಬಿಟ್ಟು ಹೋಗಿದೆ ಅಂತ ಹೇಳೋಕೇ ಈ ಪ್ರಕರಣವನ್ನ ಪೂರ್ತಿಯಾಗಿ ಬಿಡಿಸಿ ಬರೀತಿದೀನಿ.

ಮೊದಲು ನಡೆದಿದ್ದೇನು ಅಂತ ಹೇಳ್ಬಿಡ್ತೀನಿ. 1990ರ ಆಗಸ್ಟ್ 2, ಗುರುವಾರ, ಬೆಳಗಿನ ಜಾವ 2 ಗಂಟೆ ಹೊತ್ತಿಗೆ ಇರಾಕಿನ ಸೇನೆ ಗಡಿ ದಾಟಿ ಕುವೈತ್ ಒಳಗೆ ನುಗ್ತು. ಕುವೈತ್ ಎಷ್ಟು ದೊಡ್ಡ ದೇಶ ಅಂದ್ರೆ ನಮ್ಮ ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಮೂರೂ ಜಿಲ್ಲೆ ಸೇರಿಸಿದ್ರೆ ಎಷ್ಟಾಗತ್ತೋ ಹೆಚ್ಚೂಕಮ್ಮಿ ಅಷ್ಟೇ. ಎರಡು ದಿನದೊಳಗೆ ಇಡೀ ದೇಶ ಇರಾಕ್ ಕೈಗೆ ಬಂತು, ಅಲ್ಲಿನ ಅಮೀರ್ ಶೇಖ್ ಜಾಬರ್ ಸೌದಿಗೆ ಪಾರಾದ್ರು, ಅವರ ತಮ್ಮ ಶೇಖ್ ಫಹಾದ್ ದಸ್ಮಾನ್ ಅರಮನೆ ಹತ್ರಾನೇ ಗುಂಡಿಗೆ ಬಲಿಯಾದ್ರು. ಆಗಸ್ಟ್ 8ಕ್ಕೆ ಕುವೈತ್ ನಮ್ಮಲ್ಲಿ ವಿಲೀನ ಆಯ್ತು ಅಂತ ಬಾಗ್ದಾದ್ ಘೋಷಿಸ್ತು, ತಿಂಗಳ ಕೊನೆಗೆ ಅದನ್ನ 19ನೇ ಪ್ರಾಂತ್ಯ ಅಂತ ಮಾಡ್ತು. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ದಾಳಿ ಆದ ದಿನವೇ 660ನೇ ನಿರ್ಣಯ ಪಾಸ್ ಮಾಡಿ ವಾಪಸ್ ಹೋಗಿ ಅಂತು, ನಾಲ್ಕು ದಿನಕ್ಕೆ 661ನೇ ನಿರ್ಣಯದಲ್ಲಿ ವ್ಯಾಪಾರವನ್ನೆಲ್ಲ ಬಂದ್ ಮಾಡಿಸ್ತು, ನವೆಂಬರ್ 29ಕ್ಕೆ 678ನೇ ನಿರ್ಣಯ ತಂದು ಜನವರಿ 15ರ ಗಡುವು ಕೊಡ್ತು. ಇರಾಕ್ ಕದಲಲಿಲ್ಲ. 1991ರ ಜನವರಿ 17ಕ್ಕೆ ಅಮೆರಿಕ ನಾಯಕತ್ವದಲ್ಲಿ 30ಕ್ಕೂ ಹೆಚ್ಚು ದೇಶಗಳ ಕೂಟ ಬಾಂಬ್ ಹಾಕೋಕೆ ಶುರು ಮಾಡ್ತು, ಫೆಬ್ರವರಿ 24ಕ್ಕೆ ನೆಲದ ಯುದ್ಧ, ಅದು ಸುಮಾರು 100 ಗಂಟೆಗಳಲ್ಲೇ ಮುಗೀತು, ಫೆಬ್ರವರಿ 28ಕ್ಕೆ ಕದನ ವಿರಾಮ.

ಇಷ್ಟೇ ನೋಡಿದ್ರೆ ಏಳು ತಿಂಗಳ ಕಥೆ. ಆದ್ರೆ ಬೇರು ಹತ್ತು ವರ್ಷ ಹಿಂದಿದೆ.

1980ರ ಸೆಪ್ಟೆಂಬರ್ 22ಕ್ಕೆ ಇದೇ ಸದ್ದಾಂ ಇರಾನ್ ಮೇಲೆ ಯುದ್ಧಕ್ಕೆ ಹೋದ. ಇರಾನಲ್ಲಿ ಆಗಷ್ಟೇ ಕ್ರಾಂತಿ ಆಗಿ ಖೊಮೇನಿ ಬಂದಿದ್ರು, ಸೇನೆ ಚೆಲ್ಲಾಪಿಲ್ಲಿ ಆಗಿತ್ತು, ಕೆಲವು ವಾರಗಳಲ್ಲಿ ಗೆದ್ದು ಬರಬಹುದು ಅನ್ನೋ ಲೆಕ್ಕಾಚಾರ. ಆ ಕೆಲವು ವಾರ ಎಂಟು ವರ್ಷ ಆಯ್ತು. 1988ರ ಆಗಸ್ಟ್ 20ಕ್ಕೆ ನಿಂತಾಗ ಗಡಿ ಎಲ್ಲಿತ್ತೋ ಅಲ್ಲೇ ಇತ್ತು, ಎರಡೂ ಕಡೆ ಲಕ್ಷಾಂತರ ಜನ ಮಣ್ಣಾಗಿದ್ರು. ಯುದ್ಧಕ್ಕೆ ಮುಂಚೆ ಕೈತುಂಬ ಎಣ್ಣೆ ದುಡ್ಡು ಇಟ್ಕೊಂಡಿದ್ದ ಇರಾಕ್ ಯುದ್ಧ ಮುಗಿಯೋ ಹೊತ್ತಿಗೆ ಸುಮಾರು 8,000 ಕೋಟಿ ಡಾಲರ್ ಸಾಲದಲ್ಲಿತ್ತು. ಕೊಟ್ಟವರು ಯಾರು ಅಂದ್ರೆ ಸೌದಿ, ಕುವೈತ್, ಯುಎಇ ಇವರೇ ಜಾಸ್ತಿ, ಜೊತೆಗೆ ಪಾಶ್ಚಾತ್ಯ ದೇಶಗಳು, ಸೋವಿಯತ್. ಇರಾನ್ ಕ್ರಾಂತಿ ತಮ್ಮ ಮನೆ ಬಾಗಿಲಿಗೂ ಬರತ್ತೆ ಅನ್ನೋ ಭಯಕ್ಕೆ ಗಲ್ಫ್ ಅರಸರು ಸದ್ದಾಂಗೆ ಧಾರಾಳವಾಗಿ ಕೊಟ್ರು. ಕುವೈತ್ ಒಂದರದ್ದೇ ಸುಮಾರು 1,400 ಕೋಟಿ ಡಾಲರ್ ಅಂತ ಲೆಕ್ಕ.

ಇಲ್ಲಿಂದಲೇ ಜಗಳ. ಸದ್ದಾಂ ಹೇಳಿದ್ದು, ನಾವು ಎಂಟು ವರ್ಷ ರಕ್ತ ಸುರಿಸಿದ್ದು ನಿಮಗೋಸ್ಕರ, ಅದನ್ನ ಸಾಲ ಅಂತ ಹೆಂಗೆ ಬರ್ಕೊಂಡ್ರಿ, ಮನ್ನಾ ಮಾಡಿ. ಕುವೈತ್ ಒಪ್ಪಲಿಲ್ಲ. ಆ ಟೈಮಲ್ಲೇ ಎಣ್ಣೆ ರೇಟು ಇಳೀತಿತ್ತು, 1990ರ ಶುರುವಲ್ಲಿ ಬ್ಯಾರಲ್‌ಗೆ 20 ಡಾಲರ್ ಆಸುಪಾಸು ಇದ್ದಿದ್ದು ಬೇಸಿಗೆ ಹೊತ್ತಿಗೆ ಅದಕ್ಕಿಂತ ತುಂಬ ಕೆಳಗೆ ಬಂತು. ಕುವೈತೂ ಯುಎಇನೂ ಎಣ್ಣೆ ದೇಶಗಳ ಕೂಟ ಒಪೆಕ್ ಕೊಟ್ಟ ಕೋಟಾಕ್ಕಿಂತ ಜಾಸ್ತಿ ಎಣ್ಣೆ ತೆಗೆದು ಮಾರ್ತಿದ್ದಿದ್ದು ಅದಕ್ಕೆ ಒಂದು ಕಾರಣ. ರೇಟು ಒಂದು ಡಾಲರ್ ಇಳಿದ್ರೆ ನಮಗೆ ವರ್ಷಕ್ಕೆ 100 ಕೋಟಿ ಡಾಲರ್ ನಷ್ಟ ಅಂತ ಇರಾಕ್ ಬಹಿರಂಗವಾಗಿ ದೂರ್ತಿತ್ತು. ಅದರ ಮೇಲೆ ರುಮೈಲಾ. ಎರಡೂ ದೇಶದ ಗಡಿ ಕೆಳಗೆ ಹಬ್ಬಿರೋ ದೊಡ್ಡ ಎಣ್ಣೆ ನಿಕ್ಷೇಪ ಅದು, ಕುವೈತ್ ಓರೆಯಾಗಿ ಬೋರ್ ಕೊರೆದು ನಮ್ಮ ಕಡೆಯ ಎಣ್ಣೆ ಕದೀತಿದೆ, 240 ಕೋಟಿ ಡಾಲರ್ ಕಟ್ಟಿಕೊಡಿ ಅಂತ ಇರಾಕ್ ಆರೋಪ.

ಗಡಿ ತಕರಾರು ಇನ್ನೂ ಹಳೇದು. 1899ರಲ್ಲಿ ಕುವೈತಿನ ಶೇಖ್ ಬ್ರಿಟಿಷರ ಜೊತೆ ಒಪ್ಪಂದ ಮಾಡ್ಕೊಂಡ್ರು, ಆಗ ಇರಾಕ್ ಅನ್ನೋ ದೇಶವೇ ಇರಲಿಲ್ಲ, ಬಾಸ್ರಾ ಆಟೊಮನ್ ತುರ್ಕರ ಪ್ರಾಂತ್ಯ. ಮೊದಲ ಮಹಾಯುದ್ಧದಲ್ಲಿ ಆಟೊಮನ್ ಸಾಮ್ರಾಜ್ಯ ಮುರಿದು ಬಿದ್ದ ಮೇಲೆ ಬ್ರಿಟಿಷರು ಹೊಸ ಗೆರೆಗಳನ್ನ ಎಳೆದ್ರು, ಆ ಗೆರೆಯಲ್ಲಿ ಇರಾಕಿಗೆ ಸಮುದ್ರ ಸಿಕ್ಕಿದ್ದು ಒಂದು ಚೂರು, 60 ಕಿಲೋಮೀಟರ್ ಕೂಡ ಇಲ್ಲ, ಅದರ ಬಾಯಿಗೆ ಅಡ್ಡವಾಗಿ ಕುವೈತಿನ ಬುಬಿಯಾನ್, ವರ್ಬಾ ದ್ವೀಪಗಳು. 1961ರಲ್ಲಿ ಕುವೈತ್ ಸ್ವತಂತ್ರ ಆದ ಕೂಡ್ಲೆ ಆಗಿನ ಇರಾಕ್ ನಾಯಕ ಖಾಸಿಂ ಅದು ನಮ್ಮದು ಅಂದಿದ್ದ, ಬ್ರಿಟಿಷ್ ಸೈನ್ಯ ಬಂದಿಳಿದ ಮೇಲೆ ಸುಮ್ಮನಾದ, ಎರಡು ವರ್ಷಕ್ಕೆ ಇರಾಕ್ ಕುವೈತನ್ನ ದೇಶ ಅಂತ ಒಪ್ಕೊಂಡೂ ಆಯ್ತು. ಒಪ್ಕೊಂಡಿದ್ದನ್ನ ಮರೆತು ಹಳೇ ನಕ್ಷೆ ತೆಗೆಯೋದು ಯಾವಾಗ ಅಂದ್ರೆ ದುಡ್ಡಿನ ಬಿಕ್ಕಟ್ಟು ಬಂದಾಗ. 1961ರಿಂದ 1990ರ ತನಕ ಆ ಗಡಿ ಹಂಗೇ ಇತ್ತು, ಇರಾಕಿನ ಸಮುದ್ರ ತೀರ ಒಂದು ಇಂಚೂ ಕಮ್ಮಿ ಆಗಿರಲಿಲ್ಲ, ಬದಲಾಗಿದ್ದು ಅದರ ಸಾಲದ ಮೊತ್ತ. ಹಾಗಾಗಿ ನನ್ನ ಲೆಕ್ಕದಲ್ಲಿ ಗಡಿ ಅನ್ನೋದು ಈ ಯುದ್ಧಕ್ಕೆ ನೆಪ, ಎಣ್ಣೆ ರೇಟು ಅನ್ನೋದು ಕಿಡಿ, ಸಾಲ ಅನ್ನೋದು ಅಸಲು ಕಾರಣ.

ಇನ್ನೊಂದು ಇದೆ, ತಪ್ಪು ಅಂದಾಜು. 1990ರ ಜುಲೈ 25ಕ್ಕೆ ಸದ್ದಾಂ ಅಮೆರಿಕದ ರಾಯಭಾರಿ ಏಪ್ರಿಲ್ ಗ್ಲಾಸ್ಪಿಯನ್ನ ಕರೆಸಿ ಮಾತಾಡಿದ. ಅರಬ್ ದೇಶಗಳ ನಡುವಿನ ಗಡಿ ತಕರಾರಲ್ಲಿ ನಮ್ಮದು ಯಾವ ಅಭಿಪ್ರಾಯವೂ ಇಲ್ಲ ಅನ್ನೋ ಅರ್ಥದ ಮಾತು ಆಕೆ ಹೇಳಿದ್ದು ದಾಖಲಾಗಿದೆ. ಶಾಂತಿಯಿಂದ ಬಗೆಹರಿಸ್ಕೊಳ್ಳಿ ಅಂತಾನೂ ಅಂದಿದ್ರು, ಆದ್ರೆ ಕೇಳೋನಿಗೆ ಯಾವುದು ಬೇಕೋ ಅದೇ ಕೇಳಿಸಿತು. ಎಂಟು ವರ್ಷ ಇರಾನ್ ವಿರುದ್ಧ ಒಳಗಿಂದೊಳಗೆ ತನಗೆ ಸಹಾಯ ಮಾಡಿದ ಅಮೆರಿಕ ಈಗ ತನ್ನ ಮೇಲೇ ಬೀಳತ್ತೆ ಅಂತ ಆತ ಅಂದುಕೊಂಡಿರಲಿಲ್ಲ. ಸೋವಿಯತ್ ವೀಟೋ ಹಾಕತ್ತೆ ಅನ್ನೋ ಕಾಲವೂ ಮುಗಿದಿತ್ತು, ಗೋರ್ಬಚೇವ್ ಸರ್ಕಾರ 660ಕ್ಕೂ 678ಕ್ಕೂ ಕೈ ಎತ್ತಿತು. ಆಗಸ್ಟ್ 1ಕ್ಕೆ ಜೆಡ್ಡಾದಲ್ಲಿ ಕೂತ ಮಾತುಕತೆ ಮುರಿದು ಬಿತ್ತು, ಮರುದಿನ ಬೆಳಗಾಗೋದರೊಳಗೆ ಟ್ಯಾಂಕ್‌ಗಳು ಗಡಿ ದಾಟಿದ್ವು. ಸಾಲ ಇತ್ತು, ಒತ್ತಡ ಇತ್ತು ಅಂತ ವಿವರಿಸಿದ್ರೆ ಮಾಡಿದ್ದು ಸರಿ ಅಂತ ಅರ್ಥ ಅಲ್ಲ, ಇದನ್ನ ಮಕ್ಕಳಿಗೆ ಪ್ರತಿ ಸಲ ಒತ್ತಿ ಹೇಳ್ತೀನಿ. ಸಾಲ ಮಾಡಿದ ದೇಶಗಳು ಪ್ರಪಂಚದಲ್ಲಿ ನೂರಾರಿವೆ, ಸಾಲ ಕೊಟ್ಟವನ ಮನೆಗೇ ಟ್ಯಾಂಕ್ ನುಗ್ಗಿಸಿದ್ದು ಸದ್ದಾಂ ತಗೊಂಡ ತೀರ್ಮಾನ, ಅದರ ಹೊಣೆ ಅವನದೇ.

ಕುವೈತಿಂದ ಬಂದವರು

ಆಗ ಕುವೈತಲ್ಲಿ ನಮ್ಮ ದೇಶದವರು ಒಂದೂವರೆ ಲಕ್ಷಕ್ಕೂ ಮೇಲಿದ್ರು, ಕೇರಳದವರು ಜಾಸ್ತಿ, ನಮ್ಮ ಕಡೆಯವರೂ ಇದ್ರು. ನಮ್ಮ ಬೀದಿಯಲ್ಲಿ ಒಬ್ಬರು ಹಿರಿಯರಿದಾರೆ, ನಾವೆಲ್ಲ ಮಾವ ಅಂತೀವಿ, ಅವರು ಅಲ್ಲಿ ಎಸಿ ಮೆಕ್ಯಾನಿಕ್ ಆಗಿದ್ರು. ಅವರ ಹತ್ರ ಒಂದು ರೆಕ್ಸಿನ್ ಪರ್ಸ್ ಇದೆ, ಅದರೊಳಗೆ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿಟ್ಟಿರೋ ಕುವೈತಿ ದಿನಾರ್ ನೋಟುಗಳು, ಮಡಿಕೆ ಬಿದ್ದ ಜಾಗದಲ್ಲಿ ಬಣ್ಣ ಹೋಗಿದೆ. ಯುದ್ಧಕ್ಕೆ ಮುಂಚೆ ಒಂದು ದಿನಾರ್ ಅಂದ್ರೆ ಹತ್ತಿರ ಹತ್ತಿರ 60 ರೂಪಾಯಿ. ಇರಾಕ್ ಬಂದ ಮೇಲೆ ಕುವೈತಿ ದಿನಾರೂ ಇರಾಕಿ ದಿನಾರೂ ಒಂದೇ ಬೆಲೆ ಅಂತ ಆರ್ಡರ್ ಮಾಡಿದ್ರು, ಇರಾಕಿ ದಿನಾರಿಗೆ ಬಜಾರಲ್ಲಿ ಬೆಲೆ ಇರಲಿಲ್ಲ, ಸ್ವಲ್ಪ ದಿನಕ್ಕೆ ಕುವೈತಿ ನೋಟು ಚಲಾವಣೆಯಿಂದಲೇ ತೆಗೆದು ಹಾಕಿದ್ರು. ಬಿಡುಗಡೆ ಆದ ಮೇಲೆ ಕುವೈತ್ ಸರ್ಕಾರ ಹೊಸ ನೋಟು ತಂತು, ಹಳೇದನ್ನ ಗಡುವೊಳಗೆ ಬದಲಾಯಿಸ್ಕೊಳ್ಳಿ ಅಂತು, ಇರಾಕಿಗಳು ಬ್ಯಾಂಕಿಂದ ದೋಚಿದ ಸೀರೀಸ್ ನೋಟುಗಳು ರದ್ದು ಅಂತು. ಬಂಗಾರಪೇಟೆಯಲ್ಲಿ ಕೂತಿರೋ ಮೆಕ್ಯಾನಿಕ್ ಯಾವ ಕೌಂಟರಿಗೆ ಹೋಗಿ ಬದಲಾಯಿಸ್ಕೊಳ್ಳಬೇಕು?

"ಏನಪ್ಪಾ, ನಾಕು ವರ್ಷ ದುಡಿದಿದ್ದು ಇದ್ರಲ್ಲೈತೆ ನೋಡು, ಕಾಗದ" ಅಂದ್ರು ಒಂದ್ಸಲ ಪರ್ಸ್ ಬಿಚ್ಚಿ. ಅವರ ಮಾಲೀಕ ಮೊದಲ ವಾರದಲ್ಲೇ ಸೌದಿ ಕಡೆ ಓಡಿಹೋದ, ಬಾಕಿ ಸಂಬಳ ಹೋಯ್ತು. ಇವರು ಬಸ್ ಹಿಡಿದು ಬಾಸ್ರಾ, ಬಾಗ್ದಾದ್, ಅಲ್ಲಿಂದ ಜೋರ್ಡಾನ್ ಗಡಿ. ಗಡಿ ಹತ್ರ ಮರುಭೂಮಿಯಲ್ಲಿ ಟೆಂಟು, ನೀರಿಗೆ ಕ್ಯೂ, ಬ್ರೆಡ್ಡಿಗೆ ಕ್ಯೂ, ರಾತ್ರಿ ಚಳಿ. ಆಮೇಲೆ ಅಮ್ಮಾನ್, ಏರ್ ಇಂಡಿಯಾ ವಿಮಾನ, ಬಾಂಬೆ, ಅಲ್ಲಿಂದ ಟ್ರೇನಲ್ಲಿ ಬೆಂಗಳೂರು. ಏರ್ ಇಂಡಿಯಾ ಅಮ್ಮಾನಿಂದ 59 ದಿನದಲ್ಲಿ 488 ವಿಮಾನ ಹಾರಿಸಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನ ಕರ್ಕೊಂಡು ಬಂತು, ನಾಗರಿಕ ವಿಮಾನದಲ್ಲಿ ಇಷ್ಟು ಜನರನ್ನ ತೆರವು ಮಾಡಿದ್ದು ದಾಖಲೆ. ಆಗಿನ ವಿದೇಶಾಂಗ ಮಂತ್ರಿ ಐ.ಕೆ. ಗುಜ್ರಾಲ್ ಬಾಗ್ದಾದಿಗೆ ಹೋಗಿ ಸದ್ದಾಂನ ತಬ್ಬಿಕೊಂಡ ಫೋಟೋ ಬಂದು ಪ್ರಪಂಚದ ಎದುರು ನಮಗೆ ಮುಜುಗರ ಆಯ್ತು ಅಂತ ಬರೆದವರಿದಾರೆ. ನನಗೆ ಆ ಟೀಕೆ ಸರಿ ಅನ್ಸಲ್ಲ. ಒಂದೂವರೆ ಲಕ್ಷ ಜನ ಒಬ್ಬನ ಹಿಡಿತದಲ್ಲಿ ಸಿಕ್ಕಿಹಾಕ್ಕೊಂಡಿರುವಾಗ ಮಂತ್ರಿ ಹೋಗಿ ಕೈ ಹಿಡಿದು ದಾರಿ ಬಿಡಿಸಿದ್ದು ಸರಿಯಾದ ಕೆಲಸ, ಮಾವನಂಥವರು ಮನೆ ಸೇರಿದ್ದು ಅದರಿಂದ.

ಜೋರ್ಡಾನಿನ ಬಗ್ಗೆ ಒಂದು ಮಾತು ಹೇಳಲೇಬೇಕು, ನಮ್ಮಲ್ಲಿ ಯಾರೂ ಹೇಳಲ್ಲ. ಆಗ ಅದು ಸಣ್ಣ ಬಡ ದೇಶ, ಇರಾಕ್ ಜೊತೆ ವ್ಯಾಪಾರ ನಿಂತು ಅದರದೇ ಹೊಟ್ಟೆಗೆ ಹೊಡೆತ ಬಿದ್ದಿತ್ತು, ಅಂಥಾದ್ರಲ್ಲಿ ಈಜಿಪ್ಟ್, ಬಾಂಗ್ಲಾದೇಶ, ಶ್ರೀಲಂಕಾ, ಫಿಲಿಪ್ಪೀನ್ಸ್, ಭಾರತ ಎಲ್ಲ ಕಡೆಯ ಲಕ್ಷಾಂತರ ಕೂಲಿಕಾರರಿಗೆ ಗಡಿ ತೆಗೆದು ಬಿಡ್ತು.

ದೆಹಲಿಯ ತಿಜೋರಿ

ಈಗ ನಮ್ಮ ದೇಶದ ಲೆಕ್ಕಕ್ಕೆ ಬರ್ತೀನಿ, ಇಲ್ಲೇ ಜನ ಜಾಸ್ತಿ ಗೊಂದಲ ಮಾಡ್ಕೊಳ್ಳೋದು. ಇರಾಕ್, ಕುವೈತ್ ಎರಡರ ಎಣ್ಣೆಯೂ ಒಟ್ಟಿಗೆ ಮಾರ್ಕೆಟ್ಟಿಂದ ಹೊರಗೆ ಹೋಯ್ತು, ದಿನಕ್ಕೆ 40 ಲಕ್ಷ ಬ್ಯಾರಲ್‌ಗೂ ಮೇಲೆ. ಜುಲೈಯಲ್ಲಿ 17-18 ಡಾಲರ್ ಇದ್ದ ಬ್ಯಾರಲ್ ಅಕ್ಟೋಬರ್‌ನಲ್ಲಿ 40 ದಾಟ್ತು. ನಮಗೆ ಎಣ್ಣೆ ಕೊಡ್ತಿದ್ದ ಮುಖ್ಯ ದೇಶಗಳಲ್ಲಿ ಈ ಎರಡೂ ಇದ್ವು, ಹಾಗಾಗಿ ಬೇರೆ ಕಡೆಯಿಂದ ಆ ದುಬಾರಿ ರೇಟಿಗೆ ತರಬೇಕಾಯ್ತು. ಎಣ್ಣೆ ಆಮದಿನ ಬಿಲ್ಲು 1989-90ರಲ್ಲಿ ಸುಮಾರು 380 ಕೋಟಿ ಡಾಲರ್ ಇದ್ದಿದ್ದು 1990-91ರಲ್ಲಿ 600 ಕೋಟಿ ಹತ್ತಿರ ಹೋಯ್ತು. ಅಕ್ಟೋಬರ್‌ನಲ್ಲಿ ಪೆಟ್ರೋಲ್, ಡೀಸೆಲ್ ಮೇಲೆ 25 ಪರ್ಸೆಂಟ್ ಗಲ್ಫ್ ಸರ್‌ಚಾರ್ಜ್ ಬಿತ್ತು. ಕುವೈತ್, ಇರಾಕಿಂದ ಬರ್ತಿದ್ದ ಮನಿಯಾರ್ಡರ್ ನಿಂತ್ವು, ಅಲ್ಲಿಗೆ ಹೋಗ್ತಿದ್ದ ರಫ್ತು ನಿಂತ್ವು.

ಆದ್ರೆ ಗಮನಿಸಿ, ಬಾಂಬ್ ಬಿದ್ದ ದಿನ, ಅಂದ್ರೆ 1991ರ ಜನವರಿ 17ಕ್ಕೆ, ಎಣ್ಣೆ ರೇಟು ಒಂದೇ ದಿನದಲ್ಲಿ ಮೂರನೇ ಒಂದು ಭಾಗದಷ್ಟು ಕುಸೀತು, ಸೌದಿ ಬಾವಿಗಳಿಗೆ ಏನೂ ಆಗಲ್ಲ ಅಂತ ಮಾರ್ಕೆಟ್ಟಿಗೆ ಗೊತ್ತಾಯ್ತು. ಅಂದ್ರೆ ದುಬಾರಿ ಎಣ್ಣೆ ಇದ್ದಿದ್ದು ಆರು ತಿಂಗಳು ಕೂಡ ಇಲ್ಲ. ನಮ್ಮ ಚಿನ್ನ ಹೋಗಿದ್ದು ಮೇ ಮತ್ತು ಜುಲೈಯಲ್ಲಿ, ಯುದ್ಧ ಮುಗಿದು ತಿಂಗಳುಗಟ್ಟಲೆ ಆದ ಮೇಲೆ. ಬರೀ ಎಣ್ಣೆ ರೇಟೇ ಕಾರಣ ಆಗಿದ್ದಿದ್ರೆ ಮಾರ್ಚ್ ಹೊತ್ತಿಗೆ ನಾವು ಸುಧಾರಿಸ್ಕೋಬೇಕಿತ್ತು.

ಸುಧಾರಿಸಲಿಲ್ಲ ಯಾಕೆ ಅಂದ್ರೆ ನಾವೂ ಸಾಲದ ಮೇಲೇ ನಿಂತಿದ್ವಿ. 80ರ ದಶಕ ಪೂರ್ತಿ ಸರ್ಕಾರದ ಖರ್ಚು ಆದಾಯಕ್ಕಿಂತ ಜಾಸ್ತಿ ಓಡ್ತಿತ್ತು, 1990-91ಕ್ಕೆ ವಿತ್ತೀಯ ಕೊರತೆ ಜಿಡಿಪಿಯ 8 ಪರ್ಸೆಂಟ್ ಆಸುಪಾಸು. ಹೊರಗಿನ ಸಾಲದಲ್ಲಿ ವರ್ಷದೊಳಗೆ ತೀರಿಸಬೇಕಾದ ಕಿರು ಅವಧಿ ಸಾಲ, ಜೊತೆಗೆ ಯಾವಾಗ ಬೇಕಾದ್ರೂ ತೆಗೆಯಬಹುದಾದ ಎನ್‌ಆರ್‌ಐ ಡೆಪಾಸಿಟ್ ಎರಡೂ ಬೆಳೆದಿದ್ವು. ನಮ್ಮ ಜಿಲ್ಲೆಯ ರೈತನಿಗೆ ಇದು ಬೇಗ ಅರ್ಥ ಆಗತ್ತೆ. ಬೋರ್‌ವೆಲ್‌ನಲ್ಲಿ ನೀರು ತಳ ಸೇರಿರತ್ತೆ, ಆದ್ರೂ ಮೋಟಾರ್ ಓಡ್ತಾ ಇರತ್ತೆ, ಪೈಪಲ್ಲಿ ನೀರು ಬರ್ತಾ ಇರೋದರಿಂದ ಯಾರಿಗೂ ಗೊತ್ತಾಗಲ್ಲ, ಪಕ್ಕದ ಹೊಲದವನು ಇನ್ನೊಂದು ಬೋರ್ ಕೊರೆಸಿದ ದಿನ ಗಾಳಿ ಬರತ್ತೆ. ಕುವೈತ್ ಯುದ್ಧ ಆ ಪಕ್ಕದ ಬೋರ್ ಅಷ್ಟೇ.

ಸಾಲ ತೀರಿಸೋ ತಾಕತ್ತಿಗೆ ಅಂಕ ಕೊಡೋ ರೇಟಿಂಗ್ ಕಂಪನಿಗಳು ನಮ್ಮ ರೇಟಿಂಗ್ ಇಳಿಸಿದ್ವು, ಹೊರಗಿನ ಬ್ಯಾಂಕುಗಳು ಹೊಸ ಸಾಲ ನಿಲ್ಲಿಸಿದ್ವು, ಹಳೇ ಕಿರು ಸಾಲ ಮುಂದುವರಿಸೋಕೂ ಒಪ್ಪಲಿಲ್ಲ, ಎನ್‌ಆರ್‌ಐಗಳು ಡೆಪಾಸಿಟ್ ತೆಗೆಯೋಕೆ ಶುರು ಮಾಡಿದ್ರು, 1991ರ ಏಪ್ರಿಲ್‌ನಿಂದ ಜೂನ್ ಮೂರು ತಿಂಗಳಲ್ಲೇ 90 ಕೋಟಿ ಡಾಲರ್‌ಗೂ ಮೇಲೆ ಹೊರಗೆ ಹೋಯ್ತು. ರಾಜಕೀಯ ನೋಡಿದ್ರೆ 1990ರ ನವೆಂಬರ್‌ನಲ್ಲಿ ವಿ.ಪಿ. ಸಿಂಗ್ ಸರ್ಕಾರ ಬಿತ್ತು, ಚಂದ್ರಶೇಖರ್ ಬಂದ್ರು, ಯುದ್ಧಕ್ಕೆ ಹೋಗೋ ಅಮೆರಿಕದ ಸೇನಾ ವಿಮಾನಗಳಿಗೆ ನಮ್ಮ ಏರ್‌ಪೋರ್ಟ್‌ಗಳಲ್ಲಿ ಇಂಧನ ತುಂಬಿಸ್ಕೊಳ್ಳೋಕೆ ಬಿಟ್ಟಿದ್ದಕ್ಕೆ ಗಲಾಟೆ ಆಗಿ ಅದನ್ನ ನಿಲ್ಲಿಸಬೇಕಾಯ್ತು, ಮಾರ್ಚ್ 6ಕ್ಕೆ ಅವರೂ ರಾಜೀನಾಮೆ ಕೊಟ್ರು, ಪೂರ್ತಿ ಬಜೆಟ್ಟೇ ಮಂಡನೆ ಆಗಲಿಲ್ಲ. ಮೇ 21ಕ್ಕೆ ಶ್ರೀಪೆರಂಬದೂರಲ್ಲಿ ರಾಜೀವ್ ಹತ್ಯೆ. ವಿದೇಶಿ ವಿನಿಮಯ ಜನವರಿಯಲ್ಲಿ ಸುಮಾರು 120 ಕೋಟಿ ಡಾಲರ್, ಜೂನ್ ಹೊತ್ತಿಗೆ ಅದರ ಅರ್ಧ, ಎರಡು ಮೂರು ವಾರದ ಆಮದಿಗೂ ಸಾಲದು. ಆಮದು ಮಾಡೋರು ಮಾಲಿನ ದುಡ್ಡಿಗೆ ಬ್ಯಾಂಕ್ ಕೊಡೋ ಖಾತ್ರಿ ಪತ್ರ, ಅಂದ್ರೆ ಎಲ್‌ಸಿ ಓಪನ್ ಮಾಡೋಕೆ ರಿಸರ್ವ್ ಬ್ಯಾಂಕ್ 200 ಪರ್ಸೆಂಟ್ ತನಕ ಕ್ಯಾಶ್ ಮಾರ್ಜಿನ್ ಕೇಳ್ತಿತ್ತು, ಅಂದ್ರೆ ಒಂದು ಲಕ್ಷದ ಮಾಲು ತರಿಸೋಕೆ ಎರಡು ಲಕ್ಷ ಮೊದಲೇ ಕಟ್ಟಿಡಬೇಕು. ಸಣ್ಣ ಫ್ಯಾಕ್ಟರಿಗಳಿಗೆ ಬಿಡಿಭಾಗವೇ ಸಿಗದ ಹಾಗಾಯ್ತು.

ಮೇ ತಿಂಗಳಲ್ಲಿ ಸ್ಟೇಟ್ ಬ್ಯಾಂಕ್ ಮೂಲಕ 20 ಟನ್ ಚಿನ್ನ, ಅದು ಕಳ್ಳಸಾಗಣೆಯಲ್ಲಿ ಸಿಕ್ಕಿ ಜಪ್ತಿ ಆಗಿದ್ದು, ಸ್ವಿಸ್ ಬ್ಯಾಂಕೊಂದಕ್ಕೆ ಹೋಯ್ತು, ಮತ್ತೆ ವಾಪಸ್ ಕೊಳ್ಳೋ ಹಕ್ಕು ಇಟ್ಕೊಂಡು ಮಾರಿದ್ದು, ಸಿಕ್ಕಿದ್ದು ಸುಮಾರು 20 ಕೋಟಿ ಡಾಲರ್. ಜುಲೈಯಲ್ಲಿ ರಿಸರ್ವ್ ಬ್ಯಾಂಕಿನ ಸ್ವಂತ ಚಿನ್ನ 46.91 ಟನ್ ವಿಮಾನದಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿಗೆ, ಅದರ ಮೇಲೆ ಸುಮಾರು 40 ಕೋಟಿ ಡಾಲರ್ ಸಾಲ. ಸರ್ಕಾರ ಗುಟ್ಟಾಗಿ ಇಟ್ಟಿತ್ತು, ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆ ಬಯಲು ಮಾಡ್ತು. ಮೊದಲನೇ ಕಂತು ಚಂದ್ರಶೇಖರ್ ಕಾಲದ್ದು, ಎರಡನೇದು ನರಸಿಂಹ ರಾವ್ ಬಂದ ಮೇಲೆ, ಹಾಗಾಗಿ ಇವರೇ ಮಾಡಿದ್ದು ಅವರೇ ಮಾಡಿದ್ದು ಅಂತ ಈಗಲೂ ಕಟ್ಟೆ ಮೇಲೆ ಜಗಳ ಆಡೋದರಲ್ಲಿ ಅರ್ಥ ಇಲ್ಲ.

ಕೆಜಿಎಫ್ ಲೆಕ್ಕ

ಆ ಎರಡೂ ಕಂತು ಸೇರಿ 67 ಟನ್ ಅಂದ್ರೆ ಎಷ್ಟು ಅಂತ ಟಿವಿ ನೋಡೋರಿಗೆ ಅಂದಾಜು ಸಿಗಲ್ಲ, ನಮ್ಮೂರಲ್ಲಿ ಸಿಗತ್ತೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಾಗಿಂದ 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚೋ ತನಕ 120 ವರ್ಷದಲ್ಲಿ ಕೆಜಿಎಫ್ ಕೊಟ್ಟಿದ್ದು 800 ಟನ್‌ಗೂ ಮೇಲೆ. ಸರಾಸರಿ ತೆಗೆದ್ರೆ ವರ್ಷಕ್ಕೆ ಆರೂವರೆ ಏಳು ಟನ್. ಅಂದ್ರೆ 1991ರ ಆ ಎರಡು ಕಂತಲ್ಲಿ ಹೊರಗೆ ಹೋಗಿದ್ದು ಕೆಜಿಎಫ್‌ನ ಹತ್ತು ವರ್ಷದ ದುಡಿಮೆ. ಚಾಂಪಿಯನ್ ರೀಫ್‌ನಲ್ಲಿ ನೆಲದಿಂದ 3 ಕಿಲೋಮೀಟರ್‌ಗೂ ಕೆಳಗೆ ಇಳಿದು, ಬಂಡೆಯ ಬಿಸಿ 60 ಡಿಗ್ರಿ ದಾಟೋ ಜಾಗದಲ್ಲಿ, ಯಾವಾಗ ಬಂಡೆ ಸಿಡಿಯತ್ತೋ ಅನ್ನೋ ಭಯದಲ್ಲಿ, ಶ್ವಾಸಕೋಶಕ್ಕೆ ಸಿಲಿಕಾ ಧೂಳು ತುಂಬಿಸ್ಕೊಂಡು ತೆಗೆದಂಥ ಹತ್ತು ವರ್ಷದ ಚಿನ್ನ. ಅಷ್ಟಕ್ಕೆ ಸಿಕ್ಕಿದ್ದು 60 ಕೋಟಿ ಡಾಲರ್, ಕುವೈತ್ ಇರಾಕಿಗೆ ಕೊಟ್ಟಿದ್ದ ಸಾಲದಲ್ಲಿ ಇಪ್ಪತ್ತನೇ ಒಂದು ಭಾಗಕ್ಕೂ ಕಮ್ಮಿ. ಈ ಎರಡು ಸಂಖ್ಯೆ ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಹೊಟ್ಟೆ ಉರಿಯತ್ತೆ, ಬರೀ ಅಂಕಿ ಅಂತ ಬಿಟ್ಟುಬಿಡೋಕೆ ಆಗಲ್ಲ.

ಗಲ್ಫ್ ಯುದ್ಧದಿಂದಲೇ ಕೆಜಿಎಫ್ ಮುಚ್ಚಿತು ಅಂತ ಕೆಲವರು ಹೇಳೋದು ಮಾತ್ರ ಸರಿಯಲ್ಲ. ಗಣಿ ಆಗಲೇ ಸೋತಿತ್ತು, ಶುರುವಲ್ಲಿ ಟನ್ ಅದಿರಿಗೆ 40 ಗ್ರಾಂ ಮೇಲೆ ಸಿಗ್ತಿದ್ದ ಚಿನ್ನ ಕೊನೆಕೊನೆಗೆ 3 ಗ್ರಾಂ ಆಸುಪಾಸಿಗೆ ಬಂದಿತ್ತು. ಆದ್ರೆ 1991ರ ಬಿಕ್ಕಟ್ಟಿಂದ ಬಂದ ಹೊಸ ಆರ್ಥಿಕ ನೀತಿಯಲ್ಲಿ ನಷ್ಟದ ಸರ್ಕಾರಿ ಕಂಪನಿಗಳನ್ನ ದುಡ್ಡು ಕೊಟ್ಟು ಉಳಿಸೋದು ಬೇಡ ಅನ್ನೋ ತೀರ್ಮಾನ ಆಯ್ತು, ಅಂಥ ಕಂಪನಿಗಳನ್ನ ಸೋತ ಕಂಪನಿಗಳ ಹಣೆಬರಹ ತೀರ್ಮಾನಿಸೋ ಮಂಡಳಿ ಆಗಿದ್ದ ಬಿಐಎಫ್‌ಆರ್‌ಗೆ ಕಳಿಸೋ ಹಾಗೆ ಆ ವರ್ಷವೇ ಕಾನೂನು ತಿದ್ದಿದ್ರು, ಕೆಜಿಎಫ್ ಗಣಿ ನಡೆಸ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಕೂಡ ಆ ದಾರಿಯಲ್ಲೇ ಹೋಯ್ತು. ಮುಂದೆ ಚಿನ್ನದ ಆಮದೂ ಸಡಿಲ ಆಯ್ತು. ಮುಚ್ಚೋದು ಇವತ್ತಲ್ಲ ನಾಳೆ ಇತ್ತು, ಆದ್ರೆ ಅಲ್ಲಿನ ಕುಟುಂಬಗಳಿಗೆ ಬೇರೆ ದಾರಿ ಮಾಡಿಕೊಡೋಕೆ ಬೇಕಿದ್ದ ದುಡ್ಡೂ ಮನಸ್ಸೂ ಆಗ ಯಾರ ಹತ್ರಾನೂ ಇರಲಿಲ್ಲ. ಬೆಳಗ್ಗೆ ಸ್ವರ್ಣ ಪ್ಯಾಸೆಂಜರ್ ಹತ್ತಿ ಬೆಂಗಳೂರಿಗೆ ದುಡಿಯೋಕೆ ಹೋಗೋ ಕೆಜಿಎಫ್ ಜನ ಅದರ ಪರಿಣಾಮ.

1991ರ ಜುಲೈ 1 ಮತ್ತು 3ಕ್ಕೆ ರೂಪಾಯಿ ಅಪಮೌಲ್ಯ, ಎರಡೂ ಸೇರಿ ಸುಮಾರು 18-19 ಪರ್ಸೆಂಟ್. ಜುಲೈ 24ಕ್ಕೆ ಮನಮೋಹನ್ ಸಿಂಗ್ ಬಜೆಟ್, ಅದರಲ್ಲಿ ಗೊಬ್ಬರದ ರೇಟು 40 ಪರ್ಸೆಂಟ್ ಏರಿಕೆ, ಗಲಾಟೆ ಆದ ಮೇಲೆ 30ಕ್ಕೆ ಇಳಿಸಿದ್ರು. 1992ರ ಆಗಸ್ಟ್‌ನಲ್ಲಿ ಡಿಎಪಿ, ಪೊಟ್ಯಾಷ್ ಮೇಲಿನ ನಿಯಂತ್ರಣವನ್ನೇ ತೆಗೆದ್ರು. ನರಸಾಪುರದ ಕಡೆ ಟೊಮೊಟೊ ಬೆಳೆಯೋ ಒಬ್ಬ ಅಜ್ಜ ಆ ಕಾಲ ನೆನೆಸ್ಕೊಂಡು ಹೇಳಿದ್ದು, "ಯಾವನೋ ಎಲ್ಲೋ ಗುಂಡು ಹೊಡ್ದ ಸ್ವಾಮಿ, ನಮ್ ಗೊಬ್ಬರದ ಮೂಟೆ ಏರ್ತು." ನೇರ ಸಂಬಂಧ ಇಲ್ಲ, ಏರಿಸಿದ್ದು ಸಬ್ಸಿಡಿ ಕಡಿತ, ಅದು ಆಗ ಐಎಂಎಫ್ (ಅಂತಾರಾಷ್ಟ್ರೀಯ ಹಣಕಾಸು ನಿಧಿ) ಹತ್ರ ತಗೊಂಡ ಸಾಲದ ಜೊತೆ ಬಂದ ಶಿಸ್ತು. ಆದ್ರೂ ಆ ಸರಪಳಿಯ ಒಂದೊಂದೇ ಕೊಂಡಿ ಹಿಡ್ಕೊಂಡು ಹಿಂದೆ ಹೋದ್ರೆ ಅಜ್ಜ ಹೇಳಿದ ಜಾಗಕ್ಕೇ ಹೋಗಿ ನಿಲ್ತೀವಿ.

ಒಬ್ಬ ಹುಡುಗ ಕ್ಲಾಸಲ್ಲಿ ಕೇಳಿದ, "ಸಾರ್, ಹಂಗಾದ್ರೆ ಸದ್ದಾಂ ಕುವೈತಿಗೆ ಹೋಗದೇ ಇದ್ದಿದ್ರೆ ನಾವು ಚಿನ್ನ ಅಡ ಇಡ್ತಿರಲಿಲ್ವಾ?" ಒಳ್ಳೇ ಪ್ರಶ್ನೆ. ನಾನು ಹೇಳಿದ್ದು, ಅಷ್ಟು ಬೇಗ, ಅಷ್ಟು ಅವಮಾನದಲ್ಲಿ ಇಡ್ತಿರಲಿಲ್ಲ. ಸಾಲದ ಗತಿ ನೋಡಿದ್ರೆ ಬಿಕ್ಕಟ್ಟು ಬರೋದೇ ಇತ್ತು, ಆದ್ರೆ ತಯಾರಾಗೋಕೆ ಒಂದೆರಡು ವರ್ಷ ಸಿಗ್ತಿತ್ತು. ಯುದ್ಧಗಳು ಮೂರನೇ ದೇಶಕ್ಕೆ ಮಾಡೋ ದೊಡ್ಡ ಹಾನಿ ಇದೇ ಅಂತ ನನಗನ್ಸತ್ತೆ, ತಪ್ಪು ತಿದ್ಕೊಳ್ಳೋಕೆ ಇರೋ ಟೈಮನ್ನ ಕಿತ್ಕೊಳ್ಳತ್ತೆ.

ತೀರದ ಬಾಕಿ

ಯುದ್ಧ ಮಾಡಿದ ದೇಶಕ್ಕೆ ಏನಾಯ್ತು ಅಂದ್ರೆ, ಸಾಲ ತೀರಿಸೋಕೆ ಹೋದ ಇರಾಕ್ ಅದರ ಎಷ್ಟೋ ಪಟ್ಟು ಹೊತ್ಕೊಂಡು ವಾಪಸ್ ಬಂತು. ಹಿಂದೆ ಸರಿಯುವಾಗ ಅದರ ಸೇನೆ 600ಕ್ಕೂ ಹೆಚ್ಚು ಎಣ್ಣೆ ಬಾವಿಗಳಿಗೆ ಬೆಂಕಿ ಇಟ್ಟಿತು, ಕೊನೇ ಬಾವಿ ಆರಿದ್ದು 1991ರ ನವೆಂಬರ್ 6ಕ್ಕೆ. ದಕ್ಷಿಣದಲ್ಲಿ ಶಿಯಾಗಳು, ಉತ್ತರದಲ್ಲಿ ಕುರ್ದ್‌ಗಳು ದಂಗೆ ಎದ್ರು, ಹೊರಗಿನವರು ಎತ್ತಿಕಟ್ಟಿ ಆಮೇಲೆ ಕೈಬಿಟ್ರು, ಸದ್ದಾಂ ಸೇನೆ ಅವರನ್ನ ಹೊಸಕಿ ಹಾಕ್ತು. ದಿಗ್ಬಂಧನ 2003ರ ತನಕ ಮುಂದುವರೀತು, ಔಷಧ ಆಹಾರಕ್ಕಾಗಿ ಎಣ್ಣೆ ಮಾರೋ ವ್ಯವಸ್ಥೆ 1996ರಲ್ಲಿ ಶುರುವಾಗೋ ಹೊತ್ತಿಗೆ ಸಾಮಾನ್ಯ ಜನ ಹಣ್ಣಾಗಿ ಹೋಗಿದ್ರು. ಪಿಎಲ್‌ಒ ಅನ್ನೋ ಪ್ಯಾಲೆಸ್ತೀನಿಯರ ಸಂಘಟನೆ ಸದ್ದಾಂ ಕಡೆ ವಾಲಿದ್ದಕ್ಕೆ ಕುವೈತಲ್ಲಿ ದಶಕಗಳಿಂದ ಇದ್ದ ಲಕ್ಷಾಂತರ ಪ್ಯಾಲೆಸ್ತೀನಿಯರು ಊರು ಬಿಡಬೇಕಾಯ್ತು. 678ಕ್ಕೆ ವಿರುದ್ಧ ವೋಟು ಹಾಕಿದ್ದು ಕ್ಯೂಬಾ ಮತ್ತು ಯೆಮೆನ್ ಎರಡೇ, ಯೆಮೆನ್ ನಿಲುವಿಗೆ ಸಿಟ್ಟಾದ ಸೌದಿಯಿಂದ ಲಕ್ಷಗಟ್ಟಲೆ ಯೆಮೆನಿ ಕೂಲಿಕಾರರು ಕೆಲಸ ಕಳ್ಕೊಂಡು ಹೊರಟ್ರು, ಆ ಬಡ ದೇಶ ಅದರಿಂದ ಸುಧಾರಿಸ್ಕೊಂಡೇ ಇಲ್ಲ. ಸೌದಿ ನೆಲದಲ್ಲಿ ಉಳಿದ ಅಮೆರಿಕದ ಸೈನ್ಯವನ್ನ ಒಸಾಮಾ ಬಿನ್ ಲಾಡೆನ್ ತನ್ನ ಮುಖ್ಯ ದೂರಾಗಿ ಮಾಡ್ಕೊಂಡ, ಅದು ಎಲ್ಲಿಗೆ ಮುಟ್ತು ಅಂತ ಎಲ್ಲರಿಗೂ ಗೊತ್ತು.

ಪರಿಹಾರದ ವಿಷಯ. ವಿಶ್ವಸಂಸ್ಥೆ ಒಂದು ಪರಿಹಾರ ಆಯೋಗ ಮಾಡಿ, ಇರಾಕಿನ ಎಣ್ಣೆ ಆದಾಯದಲ್ಲಿ ಮೊದಲು 30 ಪರ್ಸೆಂಟ್, ಆಮೇಲೆ ಕಮ್ಮಿ ಮಾಡ್ತಾ ಮಾಡ್ತಾ ಕಿತ್ಕೊಂಡು ಒಟ್ಟು 5,240 ಕೋಟಿ ಡಾಲರ್ ಹಂಚ್ತು. ಅದರಲ್ಲಿ ಕೂಲಿಕಾರರ ಸಣ್ಣ ಕ್ಲೇಮುಗಳನ್ನ ದೊಡ್ಡ ಎಣ್ಣೆ ಕಂಪನಿಗಳಿಗಿಂತ ಮುಂಚೆ ತೀರಿಸಿದ್ದು ನಾನು ಮೆಚ್ಚೋ ಕೆಲಸ, ಯುದ್ಧದ ಪರಿಹಾರಗಳಲ್ಲಿ ಹಾಗೆ ಆಗೋದು ಅಪರೂಪ. ನಮ್ಮ ಮಾವನೂ ದೆಹಲಿಯ ವಿದೇಶಾಂಗ ಇಲಾಖೆಯ ಕುವೈತ್ ಸೆಲ್ ಮೂಲಕ ಅರ್ಜಿ ಹಾಕಿದ್ರು, 90ರ ದಶಕದ ಕೊನೆ ಹೊತ್ತಿಗೆ ದೇಶ ಬಿಟ್ಟು ಓಡಿದವರಿಗೆ ಅಂತ ನಿಗದಿ ಆಗಿದ್ದ 2,500 ಡಾಲರ್ ಬಂತು, ಮಗಳ ಮದುವೆಗೆ ಆಯ್ತು. ಪರ್ಸಲ್ಲಿರೋ ದಿನಾರಿಗೆ ಏನೂ ಬರಲಿಲ್ಲ. ಇರಾಕ್ ಕೊನೇ ಕಂತು ಕಟ್ಟಿದ್ದು 2022ರ ಶುರುವಲ್ಲಿ, ಸದ್ದಾಂನ ಗಲ್ಲಿಗೇರಿಸಿ 15 ವರ್ಷ ಆದ ಮೇಲೆ. 1990ರಲ್ಲಿ ಹುಟ್ಟೇ ಇರದ ಇರಾಕಿಗಳು ಆ ದುಡ್ಡು ಕಟ್ಟಿದಾರೆ. ಇದು ಇರಾಕಿಗೆ ಮಾತ್ರ ಅಲ್ಲ, ಜರ್ಮನಿ ಮೊದಲ ಮಹಾಯುದ್ಧದ ಪರಿಹಾರಕ್ಕೆ ಎತ್ತಿದ್ದ ಬಾಂಡುಗಳ ಕೊನೇ ಕಂತು ತೀರಿಸಿದ್ದು 2010ರ ಅಕ್ಟೋಬರ್ 3ಕ್ಕೆ, ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದಿಂದ ತಗೊಂಡ ಸಾಲವನ್ನ ಗೆದ್ದ ಬ್ರಿಟನ್ ತೀರಿಸಿದ್ದು 2006ರ ಡಿಸೆಂಬರ್ ಕೊನೆಗೆ.

ನಮ್ಮ ಚಿನ್ನದ ಸಾಲ 1991 ಮುಗಿಯೋ ಹೊತ್ತಿಗೇ ತೀರಿಹೋಯ್ತು, ಅದು ಸಮಾಧಾನ. 2009ರಲ್ಲಿ ರಿಸರ್ವ್ ಬ್ಯಾಂಕ್ ಐಎಂಎಫ್‌ನಿಂದಲೇ 200 ಟನ್ ಕೊಂಡ್ಕೊಳ್ತು, 2024ರಲ್ಲಿ ಬ್ರಿಟನ್ನಲ್ಲಿ ಇಟ್ಟಿದ್ದರಲ್ಲಿ ಸುಮಾರು 100 ಟನ್ ದೇಶಕ್ಕೆ ತಂತು.

ಕುವೈತ್-ಇರಾಕ್ ಗಡಿಯನ್ನ ವಿಶ್ವಸಂಸ್ಥೆ 1993ರಲ್ಲಿ 833ನೇ ನಿರ್ಣಯದಿಂದ ಪಕ್ಕಾ ಮಾಡ್ತು. ಬುಬಿಯಾನ್ ಪಕ್ಕದ ಖೋರ್ ಅಬ್ದುಲ್ಲಾ ಅನ್ನೋ ಕಡಲ ಕಾಲುವೆಯಲ್ಲಿ ಹಡಗು ಓಡಿಸೋಕೆ ಎರಡೂ ದೇಶ 2012ರಲ್ಲಿ ಒಪ್ಪಂದ ಮಾಡ್ಕೊಂಡ್ವು. 2023ರ ಸೆಪ್ಟೆಂಬರ್‌ನಲ್ಲಿ ಇರಾಕಿನ ಸುಪ್ರೀಂ ಕೋರ್ಟ್ ಆ ಒಪ್ಪಂದ ಅಂಗೀಕರಿಸಿದ ಕಾನೂನು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಡ್ತು, ಕುವೈತ್ ಪ್ರತಿಭಟಿಸ್ತು.